ಹೇತ್ವಾಭಾಸವೂ ಸತ್ಯಸಿದ್ಧಿಯೂ: ‘ದಿ ಫಾಲನ್ ಐಡಲ್’ ಚಿತ್ರದ ವಿಮರ್ಶೆ

ಅಪರಾಧಕಥೆಗಳಲ್ಲಿ ಕೌತುಕವೊಂದೇ ಪ್ರಧಾನವೆಂದೂ, ಗುಟ್ಟು ಬಯಲಾದೊಡನೆ ಅವುಗಳ ಸಾರವು ಬರಿದಾಗುವುದೆಂದೂ ಒಂದು ಅಭಿಪ್ರಾಯವುಂಟು. ಕ್ಯಾರಲ್ ರೀಡನ ನಿರ್ದೇಶನದಲ್ಲಿ ೧೯೪೮ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ‘ದಿ ಫಾಲನ್ ಐಡಲ್’ ಎಂಬ ವಾಕ್ಚಿತ್ರವು ಇದಕ್ಕೆ ಪ್ರಬಲವಾದ ಅಪವಾದವಾಗಿದೆ. ಮರಣವು ಹೇಗೆ ಸಂಭವಿಸಿತೆಂಬುದನ್ನು ಪ್ರೇಕ್ಷಕನು ಕಣ್ಣಾರೆ ಕಾಣುತ್ತಾನೆ. ಆದರೂ ಅವನ ಉದ್ವೇಗವು ಕಡೆಯವರೆಗೆ ತಗ್ಗುವುದಿಲ್ಲ. ಇದರ ಕಾರಣವು ವಿಚಾರಾರ್ಹವಾದುದು.

ಕಥಾವಸ್ತುವು ಸರಳವಾಗಿದೆ. ಲಂಡನ್ನಿನ ರಾಯಭಾರಿಯೊಬ್ಬನ ಮಗನಾದ ಫಿಲಿಪನಿಗೆ ಪರಿಚಾರಕ ಬೇನ್ಸನೇ ಆರಾಧ್ಯಮೂರ್ತಿ. ಆಫ್ರಿಕಾದಲ್ಲಿ ಮೆರೆದೆನೆಂದು ಸಾಹಸಗಳನ್ನು ಕಲ್ಪಿಸಿ ಹೇಳಿ ಅವನು ಹುಡುಗನನ್ನು ರಂಜಿಸುತ್ತಾನೆ. ಅವನಿಗೆ ಜೂಲಿಯೆಂಬ ತರುಣಿಯಲ್ಲಿ ಅನುರಾಗ. ಹೆಂಡತಿಯೋ ಹುಡುಗನು ಸಾಕಿದ ಹಾವನ್ನೂ ಕೊಲ್ಲುವ ಕಠಿನೆ. ಗಂಡಹೆಂಡಿರು ಮೆಟ್ಟಿಲ ಮೇಲೆ ಕಲಹವಾಡಿ, ಗಂಡನು ಅತ್ತ ಹೋದ ಬಳಿಕ, ಆಕೆಯು ಕಿಟಕಿಯ ಅಂಚನ್ನೇರಿ ಇಣುಕುವಾಗ ಬಿದ್ದು ಸಾಯುತ್ತಾಳೆ. ಹೊರಗಿನ ಮೆಟ್ಟಿಲುಗಳಲ್ಲಿ ಓಡಿ ಇಳಿಯುವ ಹುಡುಗನು ಒಂದು ಕಿಟಕಿಯಲ್ಲಿ ಕಲಹವನ್ನೂ ಮತ್ತೊಂದರಲ್ಲಿ ಬಿದ್ದ ದೇಹವನ್ನೂ ಕಾಣುತ್ತಾನೆ; ನಡುವಣದನ್ನು ಊಹಿಸಿಕೊಳ್ಳುತ್ತಾನೆ. ಮಿತ್ರನನ್ನು ಕೊಲೆಗಾರನೆಂದೇ ನಂಬಿ, ಅವನನ್ನುಳಿಸಲು ಸುಳ್ಳಾಡುತ್ತಾನೆ. ಆ ಸುಳ್ಳುಗಳೇ ನಿರ್ದೋಷಿಯ ಕೊರಳಿಗೆ ಉರುಳಾಗುತ್ತವೆ.

ಚಿತ್ರಕ್ಕೆ ಮೂಲವು ಗ್ರಹಾಂ ಗ್ರೀನನ ‘ದಿ ಬೇಸ್‌ಮೆಂಟ್ ರೂಮ್’ ಎಂಬ ಸಣ್ಣಕಥೆ. ಅಲ್ಲಿ ಪರಿಚಾರಕನು ಸಾವಿಗೆ ಕಾರಣನೇ ಆಗಿದ್ದಾನೆ. ಹುಡುಗನು ತಿಳಿಯದೆ ಅವನನ್ನು ಹಿಡಿದುಕೊಡುತ್ತಾನೆ. ರೀಡನೊಡನೆ ಸಮಾಲೋಚಿಸಿ ಗ್ರೀನನೇ ಇದನ್ನು ಮಾರ್ಪಡಿಸಿದನು. ಇದರಿಂದ ಮೂಲದ ತೀಕ್ಷ್ಣತೆಯು ಕುಂದಿತೆಂದು ಆಕ್ಷೇಪಿಸಬಹುದು. ಆದರೆ ಮೂಲದಲ್ಲಿ ಸತ್ಯವು ಮಿತ್ರನಿಗೆ ಕೇಡು ತರುತ್ತದೆ. ಚಿತ್ರದಲ್ಲಿ ಸ್ನೇಹವೇ ಕೇಡಾಗುತ್ತದೆ. ಎರಡನೆಯದು ಸೂಕ್ಷ್ಮತರವಾದ ದುರಂತ. ಪ್ರೇಕ್ಷಕನ ಜ್ಞಾನಕ್ಕೂ ಬಾಲಕನ ಭ್ರಾಂತಿಗೂ ನಡುವಣ ಅಂತರದಲ್ಲಿಯೇ ಭಯಾನಕವು ಹುಟ್ಟಿ ಕರುಣದಲ್ಲಿ ಪರ್ಯವಸಾನವಾಗುತ್ತದೆ.

ನಿರ್ವಹಣವು ತಾರ್ಕಿಕರಿಗೂ ಪ್ರಿಯವಾಗತಕ್ಕುದು. ಹೂಕುಂಡದಿಂದ ಚೆಲ್ಲಿದ ಮಣ್ಣಿನಲ್ಲಿ ಮೃತಳ ಹೆಜ್ಜೆಗುರುತನ್ನು ಕಂಡು ಪೊಲೀಸರು ಬೇನ್ಸನನ್ನು ನಿರ್ದೋಷಿಯೆಂದು ನಿರ್ಣಯಿಸುತ್ತಾರೆ. ಆದರೆ ಆ ಗುರುತು ಮುಂಚೆಯೇ ಆದುದೆಂದು ಬಾಲಕನು ಬಲ್ಲನು. ಧೂಳನ್ನು ಹೊಗೆಯೆಂದು ಭ್ರಮಿಸಿ ಬೆಟ್ಟದಲ್ಲಿ ಬೆಂಕಿಯನ್ನು ಊಹಿಸಿದವನಿಗೆ ದೈವವಶಾತ್ ಬೆಂಕಿಯೇ ದೊರೆತಂತಾಯಿತು: ಹೇತುವು ಅಸಿದ್ಧ, ಸಾಧ್ಯವು ಯಥಾರ್ಥ. ಈಗ ಸತ್ಯವನ್ನೇ ನುಡಿಯಬೇಕೆಂದು ಬಾಲಕನು ಹಿರಿಯರ ಹಿಂದೆ ಹಿಂದೆ ತಿರುಗುತ್ತಾನೆ; ಯಾರೂ ಕಿವಿಗೊಡುವುದಿಲ್ಲ. ಸುಳ್ಳಾಡಿದಾಗ ಅವನ ಮಾತಿಗೆ ಬೆಲೆಯಿದ್ದಿತು. ಆಪ್ತವಾಕ್ಯವನ್ನಾಡಹೊರಟಾಗ ಅವನು ಅನಾಪ್ತನಾಗಿದ್ದಾನೆ. ಕೇಳಿದ್ದರೆ ನಿರಪರಾಧಿಯು ಮತ್ತೆ ಸಂಕಟಕ್ಕೀಡಾಗುತ್ತಿದ್ದನೆಂಬ ಅರಿವಿನಿಂದ ಪ್ರೇಕ್ಷಕನ ನಗೆಯೂ ನಿಲ್ಲುತ್ತದೆ.

ದೋಷವಿಲ್ಲದಿಲ್ಲ. ಬೇನ್ಸನ ಹೆಂಡತಿಯೂ ವಂಚಿತಳೇ. ಆದರೆ ಆಕೆಯ ಕಾಠಿನ್ಯವನ್ನೇ ಎತ್ತಿ ತೋರಿದುದರಿಂದ ಆಕೆಯ ಮರಣಕ್ಕೆ ಸಲ್ಲಬೇಕಾದ ಶೋಕವು ಸಲ್ಲದೆ ಹೋಗಿದೆ. ರಾಲ್ಫ್ ರಿಚರ್ಡ್‌ಸನ್ನನ ಸಂಯಮವೂ, ಮೊದಲು ನಟನೆಯನ್ನೇ ಅರಿಯದಿದ್ದ ಬಾಲಕ ಬಾಬಿ ಹೆನ್ರಿಯ ಸಹಜತೆಯೂ ಈ ಕೊರತೆಯನ್ನು ಬಹುಮಟ್ಟಿಗೆ ಮರೆಸುತ್ತವೆ.

ಹಿರಿಯರೆಲ್ಲರೂ ತಮ್ಮ ತಮ್ಮ ಗುಟ್ಟುಗಳನ್ನು ಒಂದು ಮಗುವಿನ ಮೇಲೆ ಹೇರಿ, ಕಡೆಗೆ ಅದರ ಮಾತನ್ನು ಕೇಳದೆ ಹೋಗುವುದೇ ಈ ಚಿತ್ರದ ನಿಜವಾದ ಅಪರಾಧ. ಅದಕ್ಕೆ ಪೊಲೀಸರ ಬಳಿ ದಂಡನೆಯಿಲ್ಲ.