ನೀರ್ಬಣ್ಣವೂ ಬೀದರದ ತೋಟವೂ

ತೋಟದ ನೋಟವನ್ನು ನೀರ್ಬಣ್ಣದಲ್ಲಿ ಬರೆಯುವವರಲ್ಲಿ ಒಂದು ವಾಡಿಕೆ ಹಬ್ಬಿದೆ. ಕಾಗದವನ್ನು ಚೆನ್ನಾಗಿ ನೆನೆಯಿಸಿ, ಹಸುರನ್ನೂ ನೀಲಿಯನ್ನೂ ಅದರ ಮೇಲೆ ಹರಿಯಗೊಟ್ಟು, ಮರವಾವುದು ಮಂಜಾವುದು ಎಂಬ ಭೇದವನ್ನೇ ಅಳಿಸಿಬಿಡುವುದು. ಕಣ್ಣಿಗೆ ಇದು ಹಿತವೇ ಸರಿ. ಆದರೆ ಬೀದರದ ಪೇರಲ ತೋಟಕ್ಕೆ ಈ ಮಂಜು ಎಲ್ಲಿಂದ ಬಂದಿತೆಂದು ಕೇಳಬೇಕಾಗಿದೆ.

ಅದು ಬಂದ ದಾರಿ ದೀರ್ಘವಾದುದು. ೧೯೦೩ರಲ್ಲಿ ಜಪಾನಿನ ಚಿತ್ರಕಾರರಾದ ಯೊಕೊಯಾಮ ತೈಕಾನ್, ಹಿಶಿದ ಶುನ್ಸೋ ಇಬ್ಬರೂ ಕಲ್ಕತ್ತೆಗೆ ಬಂದರು. ಅವರ ಕೈಗೆಲಸವನ್ನು ಕಂಡ ಅವನೀಂದ್ರನಾಥ ಠಾಕೂರರು, ಬಣ್ಣ ಹಚ್ಚಿದ ಕಾಗದವನ್ನು ನೀರಿನಲ್ಲಿ ತೋಯಿಸಿ, ಮತ್ತೆ ಬಣ್ಣವೇರಿಸುವ ತಮ್ಮದೇ ಕ್ರಮವನ್ನು ರೂಢಿಸಿದರು. ಅವರ ಶಿಷ್ಯರಾದ ಕೆ. ವೆಂಕಟಪ್ಪನವರು (೧೮೮೬–೧೯೬೫) ಉದಕಮಂಡಲದ ಚಿತ್ರಗಳಲ್ಲಿ ನೀರ್ಬಣ್ಣಕ್ಕೆ ತಕ್ಕ ನೆಲೆಯನ್ನು ಕಂಡುಕೊಂಡರು. ಅಲ್ಲಿ ಮೋಡವು ಬೆಟ್ಟದ ಮೇಲೆಯೇ ಕುಳಿತಿರುತ್ತದೆ. ಮರವು ತೊಯ್ದ ಗಾಳಿಯೊಳಗಿಂದಲೇ ಕಾಣಬೇಕು. ಮನುಷ್ಯಾಕೃತಿಗೆ ಆ ಚಿತ್ರಗಳಲ್ಲಿ ಬಹುಮಟ್ಟಿಗೆ ಎಡೆಯೇ ಇಲ್ಲ. ಹವೆಯೇ ಅವುಗಳ ನಾಯಕ. ಮೇಲುನೋಟಕ್ಕೆ ಮೃದುವಾಗಿ ತೋರಿದರೂ ಅವು ಕಠಿಣವಾದ ನಿಗ್ರಹದಿಂದ ಹುಟ್ಟಿದವು. ಅನುಕರಿಸುವವರು ಮಬ್ಬನ್ನು ಕೈಗೊಂಡರು, ನಿಗ್ರಹವನ್ನು ಕೈಬಿಟ್ಟರು.

ಬೀದರದ ನೆಲದ ಗುಣವೇ ಬೇರೆ. ಕೆಂಪು ಜಂಬಿಟ್ಟಿಗೆಯ ಎತ್ತರದ ಬಯಲದು. ಪೇರಲದ ಸುಲಿದ ತೊಗಟೆಯ ಮೇಲೆ ಬೇಸಗೆಯ ಬಿಸಿಲು ಬಿದ್ದಾಗ ಕೊಂಬೆಕೊಂಬೆಯೂ ಕೊರೆದಿಟ್ಟಂತೆ ಕಾಣುತ್ತದೆ. ನೆರಳಿಗೆ ಕತ್ತರಿಸಿದಂತಹ ಅಂಚು. ಹಸುರಿನ ಅಡಿಯಲ್ಲಿ ಮಣ್ಣಿನ ಕೆಂಪು ಮಿನುಗುತ್ತದೆ. ಭಾಲ್ಕಿ ಔರಾದಗಳ ಕಡೆಗೆ ಇಳಿದರೆ ಎರೆಭೂಮಿ. ಬಾವಿಯ ಬಳಿಯ ನಾಲ್ಕು ಮಾವಿನ ಮರಗಳು ಆ ಕರಿಯ ನೆಲದ ಮೇಲೆ ತೀರ ಸ್ಪಷ್ಟವಾಗಿ ನಿಂತಿರುತ್ತವೆ. ಇಂತಹ ಮರವನ್ನು ಉದಕಮಂಡಲದ ಮಂಜಿನಲ್ಲಿ ಮುಳುಗಿಸಿದರೆ ಚಿತ್ರವು ಚೆಲುವಾಗಬಹುದು, ಔರಾದವಾಗದು. ಶ್ರಾವಣದ ಜಡಿಮಳೆಯ ದಿನಗಳು ಮಾತ್ರ ಇದಕ್ಕೆ ಹೊರತು. ಆಗ ತೊಯ್ದ ಕಾಗದಕ್ಕೆ ಇಲ್ಲಿಯೂ ಹಕ್ಕುಂಟು.

ಈ ಬಿಸಿಲಿಗೆ ರುಮಾಲೆ ಚೆನ್ನಬಸವಯ್ಯನವರ (೧೯೧೦–೧೯೮೮) ಕೈ ಹೆಚ್ಚು ಹತ್ತಿರ. ಬೆಂಗಳೂರಿನ ಹೂಮರಗಳನ್ನು ಅವರು ಬೆಳಕಿನಲ್ಲಿಯೇ ನಿಲ್ಲಿಸಿ ಉಜ್ಜ್ವಲವಾದ ವರ್ಣಗಳಿಂದ ಕಟ್ಟಿದರು. ಅಲ್ಲಲ್ಲಿ ಬಣ್ಣದ ಸಂಭ್ರಮ ಅತಿಯಾಗಿ ಮರದ ಮೈಕಟ್ಟು ಮರೆಯಾಗುವುದುಂಟು. ಆದರೂ ಬಿಸಿಲೇರಿದೆಯೆಂಬುದು ನೋಡಿದವನಿಗೆ ತಿಳಿಯುತ್ತದೆ.

ಬೀದರದವರಿಗಾದರೋ ಇನ್ನೊಂದು ಗುರುಮನೆ ಊರೊಳಗೇ ಇದೆ. ಬಿದರಿಯ ಕೆಲಸಗಾರನು ಸತುವು ತಾಮ್ರಗಳ ಎರಕದ ಮೇಲೆ ಗೆರೆ ಕೊರೆದು ಬೆಳ್ಳಿಯನ್ನು ಕೂರಿಸುತ್ತಾನೆ. ಕೋಟೆಯ ಮಣ್ಣೂ ನವಸಾಗರವೂ ಬೆರೆತ ಪಾಕ ತಗಲಿದಾಗ ಎರಕವು ಕಪ್ಪಾಗಿ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ನೀರ್ಬಣ್ಣದಲ್ಲಿ ಬೆಳ್ಳಿಯ ಸ್ಥಾನ ಬರಿಯ ಕಾಗದದ್ದು. ಎಲೆಯ ಮೇಲಿನ ಬಿಸಿಲನ್ನು ಆಮೇಲೆ ಹಚ್ಚುವಂತಿಲ್ಲ. ಮೊದಲೇ ಗೊತ್ತುಮಾಡಿ ಉಳಿಸಿಕೊಳ್ಳಬೇಕು. ಕಾಗದವನ್ನೆಲ್ಲ ತೋಯಿಸಿ ಬಣ್ಣವನ್ನು ಹರಿಯಬಿಟ್ಟವನಿಗೆ ಉಳಿಸಲು ಎಡೆಯಾದರೂ ಎಲ್ಲಿ? ಪೇರಲ ತೋಟದ ಮುಂದೆ ಕುಳಿತವನು ದೂರದ ಆಕಾಶವನ್ನಷ್ಟೇ ತೋಯಿಸಿ, ನೆಲವನ್ನೂ ಕಾಂಡವನ್ನೂ ಒಣಗಿದ ಕಾಗದದ ಮೇಲೆ ಎಳೆದುನೋಡಲಿ.