ಹಾಸಿಗೆ ಎಣಿಸಿದರೆ ಮನೆಯಾಗದು

ಬೌದ್ಧಿಕ ಅಂಗವೈಕಲ್ಯವಿರುವ ಮಕ್ಕಳ ತಂದೆತಾಯಂದಿರನ್ನು ವಯಸ್ಸಾದಂತೆಲ್ಲ ಕಾಡುವ ಪ್ರಶ್ನೆ ಒಂದೇ: ನಾವು ಹೋದ ಮೇಲೆ ಇವರನ್ನು ನೋಡಿಕೊಳ್ಳುವವರು ಯಾರು? ಸರ್ಕಾರದ ಬಳಿ ಇರುವ ಹಳೆಯ ಉತ್ತರ ದೊಡ್ಡ ವಸತಿಗೃಹ. ದೆಹಲಿ ಸರ್ಕಾರ ರೋಹಿಣಿಯಲ್ಲಿ ನಡೆಸುವ ‘ಆಶಾ ಕಿರಣ್’ ಅಂಥದ್ದು. 2024ರ ಜುಲೈ ಒಂದೇ ತಿಂಗಳಲ್ಲಿ ಅಲ್ಲಿ ಹತ್ತಕ್ಕೂ ಹೆಚ್ಚು ನಿವಾಸಿಗಳು ತೀರಿಕೊಂಡರು. ನೀರು ಪರೀಕ್ಷಿಸಿ, ಜನ ಹೆಚ್ಚಾಗಿದ್ದರೆ ಬೇರೆಡೆಗೆ ಕಳಿಸಿ ಎಂದು ಹೈಕೋರ್ಟ್ ಹೇಳಬೇಕಾಯಿತು.

ಈ ಗೃಹಗಳು ಬೇರೆ ಯಾರೂ ಸೇರಿಸಿಕೊಳ್ಳದವರನ್ನು ಸೇರಿಸಿಕೊಳ್ಳುತ್ತವೆ, ಬೀದಿಯಲ್ಲಿ ಬಿಟ್ಟುಹೋದವರಿಗೆ ಅನ್ನ ಹಾಕುತ್ತವೆ. ಆ ಹೊಣೆ ದೊಡ್ಡದು. ಆದರೆ ಒಳಬರಲು ದಾರಿಯಿದ್ದು ಹೊರಹೋಗಲು ದಾರಿಯಿಲ್ಲದ ಗೃಹ ಇಂದಲ್ಲ ನಾಳೆ ತುಂಬಿಯೇ ತುಂಬುತ್ತದೆ. ತುಂಬಿದಲ್ಲಿ ಮಾತು ಬಾರದವನ ಜ್ವರ ಯಾರ ಕಣ್ಣಿಗೂ ಬೀಳುವುದಿಲ್ಲ. ಅವನು ಊಟ ಬಿಟ್ಟ, ಎಂದಿನಂತಿಲ್ಲ ಎಂದು ಗುರುತಿಸಲು ಅವನನ್ನು ಬಲ್ಲ ಆರೈಕೆದಾರರು ಬೇಕು. ನೂರಾರು ಜನರ ನಡುವೆ ಆ ಪರಿಚಯ ಬೆಳೆಯುವುದು ಕಷ್ಟ.

ನ್ಯೂಯಾರ್ಕ್‌ನ ವಿಲ್ಲೋಬ್ರೂಕ್ ಇದೇ ದಾರಿಯಲ್ಲಿ ಕೆಟ್ಟಿತು. 4,000 ಜನರಿಗೆಂದು ಕಟ್ಟಿದ ಆ ಸರ್ಕಾರಿ ಸಂಸ್ಥೆಯಲ್ಲಿ 1965ರ ಹೊತ್ತಿಗೆ 6,000ಕ್ಕೂ ಹೆಚ್ಚು ಮಂದಿಯಿದ್ದರು. 1972ರಲ್ಲಿ ಟೀವಿ ವರದಿಗಾರ ಜೆರಾಲ್ಡೊ ರಿವೇರಾ ಒಳಗಿನ ಹೊಲಸನ್ನು ದೇಶಕ್ಕೆ ತೋರಿಸಿದರು. ಪೋಷಕರು ಕೋರ್ಟಿಗೆ ಹೋದರು. 1975ರ ರಾಜಿ ತೀರ್ಪು ವಾರ್ಡುಗಳ ದುರಸ್ತಿಗೆ ನಿಲ್ಲಲಿಲ್ಲ. 1981ರೊಳಗೆ ಅಲ್ಲಿ 250ಕ್ಕಿಂತ ಹೆಚ್ಚು ಜನ ಉಳಿಯಬಾರದು, ಮಿಕ್ಕವರಿಗೆ ಊರೊಳಗೇ ನೆಲೆ ಸಿಗಬೇಕು ಎಂದಿತು. ಗಡುವು ಮೀರಿದರೂ 1987ರಲ್ಲಿ ಆ ಸಂಸ್ಥೆ ಮುಚ್ಚಿತು.

ನಮ್ಮ ಕಾನೂನೂ ಇದನ್ನೇ ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಅವರಿಗೆ ಸಮಾಜದ ನಡುವೆ ಬಾಳುವ ಹಕ್ಕಿದೆ. ಇಂಥ ಕಡೆಯೇ ಇರು ಎಂಬ ಒತ್ತಾಯ ಅವರ ಮೇಲೆ ಬೀಳದಂತೆ ಸರ್ಕಾರ ಯತ್ನಿಸಬೇಕು. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ‘ಘರೌಂದಾ’ ಯೋಜನೆ ವಯಸ್ಕರಿಗೆ ಗುಂಪುಮನೆಗಳನ್ನು ಕಲ್ಪಿಸಿಕೊಂಡಿತು. ಆಶಯ ಒಳ್ಳೆಯದು. ಆದರೆ ಮನೆ ಚಿಕ್ಕದಾದ ಮಾತ್ರಕ್ಕೆ ಸಾಲದು: ಯಾವಾಗ ಏಳಬೇಕು, ಏನು ಉಣ್ಣಬೇಕು, ಯಾರ ಜೊತೆ ಕೋಣೆ ಹಂಚಿಕೊಳ್ಳಬೇಕು ಎಂಬುದನ್ನೆಲ್ಲ ಸಿಬ್ಬಂದಿಯೇ ತೀರ್ಮಾನಿಸಿದರೆ ಅದೂ ಪುಟ್ಟ ಆಶಾ ಕಿರಣ್ ಆಗುತ್ತದೆ.

ಇವರಿಗೆ ಏನು ತಿಳಿಯುತ್ತದೆ ಎನ್ನುವವರಿಗೆ 2009ರ ಸುಪ್ರೀಂ ಕೋರ್ಟ್ ತೀರ್ಪು ಉತ್ತರ. ಚಂಡೀಗಢದ ಸರ್ಕಾರಿ ಗೃಹದಲ್ಲಿದ್ದಾಗಲೇ ಅತ್ಯಾಚಾರಕ್ಕೆ ಒಳಗಾಗಿ ಗರ್ಭಿಣಿಯಾದ ಯುವತಿಗೆ ಗರ್ಭಪಾತ ಮಾಡಿಸಲು ಆಡಳಿತ ಮುಂದಾದಾಗ, ಆಕೆಯ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಎಂದಿತು ನ್ಯಾಯಾಲಯ. ಕಾಯಬೇಕಾದ ವ್ಯವಸ್ಥೆ ಸೋತಿತ್ತು; ಆಕೆಗೆ ತನ್ನ ಇಚ್ಛೆ ತಿಳಿದಿತ್ತು.

ದುಡ್ಡು ಕೊಡದೆ ಗೃಹಗಳನ್ನು ಮುಚ್ಚಿದರೆ ಭಾರವೆಲ್ಲ ಮುಪ್ಪಾದ ತಾಯಂದಿರ ಹೆಗಲಿಗೆ ಬೀಳುತ್ತದೆ. ಆದ್ದರಿಂದ ಅನುದಾನ ಕಟ್ಟಡಕ್ಕೆ ಅಂಟಿಕೊಳ್ಳದೆ ವ್ಯಕ್ತಿಯ ಜೊತೆ ಅವರಿರುವ ಮನೆಗೆ ಹೋಗಬೇಕು. ಆರೈಕೆದಾರರಿಗೆ ಬಿಟ್ಟುಹೋಗದಷ್ಟು ಸಂಬಳ ಸಿಗಬೇಕು. ತಪಾಸಣೆಗೆ ಹೋಗುವ ಅಧಿಕಾರಿ, ಎಷ್ಟು ಹಾಸಿಗೆಗಳಿವೆ ಎಂಬುದರ ಜೊತೆಗೆ, ಈ ವರ್ಷ ಇಲ್ಲಿಂದ ಎಷ್ಟು ಜನ ಊರೊಳಗಿನ ಮನೆಗೆ ಹೋದರು ಎಂದೂ ಕೇಳಬೇಕು.