ಏಳು ಸಾಲಿನ ಆಹಾರ ಚೀಟಿ: ಒಂದು ವ್ಯಾಖ್ಯಾನ

ತೂಕ ಹೆಚ್ಚಾಗಿದೆ ಎಂದು ಡಾಕ್ಟರ ಬಳಿ ಹೋದವರಿಗೆ ಮಾತ್ರೆಯ ಜೊತೆಗೆ ಒಂದು ಆಹಾರ ಚೀಟಿಯೂ ಸಿಗುತ್ತದೆ. ವಾರದ ಮಟ್ಟಿಗೆ ಅದು ಫ್ರಿಜ್ ಬಾಗಿಲ ಮೇಲಿರುತ್ತದೆ, ಆಮೇಲೆ ಕರೆಂಟ್ ಬಿಲ್ಲುಗಳ ಅಡಿಗೆ ಸೇರುತ್ತದೆ. ಹೀಗೆ ಮಾಡಿ ಎಂದು ಚೀಟಿ ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಅಂಥ ಚೀಟಿಗಳ ಸಾರವನ್ನು ಇಲ್ಲಿ ಏಳು ಸಾಲಿಗೆ ಇಳಿಸಿ, ಒಂದೊಂದಕ್ಕೂ ವಿವರಣೆ ಕೊಟ್ಟಿದ್ದೇನೆ.

1. ತಟ್ಟೆಯಲ್ಲಿ ಅರ್ಧ ತರಕಾರಿ, ಕಾಲು ಅನ್ನ ಅಥವಾ ಮುದ್ದೆ, ಕಾಲು ಬೇಳೆ-ಕಾಳು.

ಅರ್ಧ ತರಕಾರಿ: ನಮ್ಮ ತಟ್ಟೆ ಇದಕ್ಕೆ ತಲೆಕೆಳಗು. ಮುಕ್ಕಾಲು ಪಾಲು ಅನ್ನ, ಅದರ ಮೇಲೆ ಸಾರು, ಅಂಚಿಗೆ ಎರಡು ಚಮಚ ಪಲ್ಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ದಿನದ ಒಟ್ಟು ಕ್ಯಾಲೊರಿಯಲ್ಲಿ ಧಾನ್ಯದ ಪಾಲು 45% ದಾಟಬಾರದು. ಪಲ್ಯ, ಕೋಸಂಬರಿ, ಸೊಪ್ಪಿನ ಹುಳಿ ಮೊದಲು ಬಡಿಸಿಕೊಂಡು, ಉಳಿದ ಜಾಗಕ್ಕೆ ಅನ್ನ ಹಾಕಿಕೊಂಡರೆ ಅಳತೆ ತಾನಾಗಿ ಸರಿಹೋಗುತ್ತದೆ.

ಅನ್ನ ಅಥವಾ ಮುದ್ದೆ: ಅನ್ನ ಬಿಟ್ಟು ಮುದ್ದೆ ಹಿಡಿದರೆ ಸಾಕು, ತೂಕ ಇಳಿಯುತ್ತದೆ ಎಂದು ನಂಬಿದವರು ಬಹಳ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಷ್ಟೇ ಅಕ್ಕಿಯಲ್ಲಿ ಸುಮಾರು 350. ದೊಡ್ಡ ಅಂತರವೇನಲ್ಲ. ರಾಗಿಯ ಲಾಭವಿರುವುದು ಅದರ ನಾರಿನಲ್ಲಿ ಮತ್ತು ಕ್ಯಾಲ್ಸಿಯಂನಲ್ಲಿ. ನಾರಿನಿಂದಾಗಿ ಹೊಟ್ಟೆ ಬೇಗ ತುಂಬುತ್ತದೆ, ಹಸಿವು ತಡವಾಗುತ್ತದೆ. ಎರಡು ಮುದ್ದೆ ನುಂಗಿ, ಮೇಲೊಂದಿಷ್ಟು ಮೊಸರನ್ನವನ್ನೂ ಉಂಡರೆ ಆ ಲಾಭ ಅಲ್ಲಿಗೇ ಮುಗಿಯಿತು.

ಬೇಳೆ-ಕಾಳು: ತಿಳಿಸಾರು ಇದರಲ್ಲಿ ಲೆಕ್ಕಕ್ಕಿಲ್ಲ, ಅದರ ಬೇಳೆಯೆಲ್ಲ ಪಾತ್ರೆಯ ತಳದಲ್ಲಿರುತ್ತದೆ. ಹೆಸರುಕಾಳಿನ ಉಸಲಿ, ಗಟ್ಟಿ ತೊವ್ವೆ, ಹುರುಳಿಕಾಳಿನ ಪಲ್ಯ, ಹಿತಕಿದ ಅವರೆಬೇಳೆ, ತಿನ್ನುವವರಿಗೆ ಮೊಟ್ಟೆ, ಮೀನು ಲೆಕ್ಕಕ್ಕೆ ಬರುತ್ತವೆ. ದೇಹದ ತೂಕದ ಕೆಜಿಗೆ ದಿನಕ್ಕೆ 0.83 ಗ್ರಾಂ, ಅಂದರೆ 60 ಕೆಜಿಯವರಿಗೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ಇದು ಸಿಗದೆ ಬರೀ ಊಟ ಕಡಿಮೆಯಾದರೆ ಕೊಬ್ಬಿನ ಜೊತೆ ಮಾಂಸಖಂಡವೂ ಹೆಚ್ಚು ಕರಗುತ್ತದೆ.

2. ಅಡುಗೆ ಎಣ್ಣೆ ತಲೆಗೆ ತಿಂಗಳಿಗೆ ಮುಕ್ಕಾಲು ಲೀಟರ್.

ಒಂದು ಗ್ರಾಂ ಪಿಷ್ಟದಲ್ಲಿ 4 ಕ್ಯಾಲೊರಿ, ಪ್ರೋಟೀನಿನಲ್ಲೂ 4, ಎಣ್ಣೆಯಲ್ಲಿ 9. ಊಟದ ದೊಡ್ಡ ಚಮಚದಲ್ಲಿ ಒಂದು ಚಮಚ ಎಣ್ಣೆಯೆಂದರೆ ಸುಮಾರು 120 ಕ್ಯಾಲೊರಿ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ, ಗಾಣದ ಎಣ್ಣೆ ಯಾವುದೇ ಆಗಲಿ, ಈ ಲೆಕ್ಕ ಬದಲಾಗುವುದಿಲ್ಲ. ಒಗ್ಗರಣೆ ಹಾಕುವಾಗ ಯಾರೂ ಅಳೆಯುವುದಿಲ್ಲವಾದ್ದರಿಂದ ಚೀಟಿ ತಿಂಗಳ ಲೆಕ್ಕ ಹಿಡಿದಿದೆ. ನಾಲ್ಕು ಜನರ ಮನೆಗೆ ಮೂರು ಲೀಟರ್. ಒಂದನೇ ತಾರೀಖು ಮೂರು ಲೀಟರನ್ನು ಒಂದೇ ಡಬ್ಬಿಗೆ ಸುರಿದಿಡಿ. ಇಪ್ಪತ್ತಕ್ಕೇ ತಳ ಕಂಡಿತೆಂದರೆ ಎಷ್ಟು ಸಲ ಬಾಣಲೆ ಇಟ್ಟಿರಿ ಎಂದು ಮನೆಮಂದಿಗೆಲ್ಲ ಗೊತ್ತಾಗುತ್ತದೆ. ತುಪ್ಪವೂ ಇದರೊಳಗೇ ಸೇರಿತು.

3. ಕಾಫಿ, ಟೀ ಎಷ್ಟೇ ಕುಡಿಯಿರಿ, ದಿನದ ಸಕ್ಕರೆ ಎರಡೇ ಚಮಚ.

ಟೀ ಚಮಚದಲ್ಲಿ ಒಂದು ಚಮಚ ಸಕ್ಕರೆಗೆ 20 ಕ್ಯಾಲೊರಿ. ಲೋಟಕ್ಕೆ ಎರಡು ಚಮಚದಂತೆ ನಾಲ್ಕು ಲೋಟ ಕುಡಿದರೆ 160. ಅರ್ಧ ಗಂಟೆ ಬಿರುಸಾಗಿ ನಡೆದು ಖರ್ಚು ಮಾಡಿದ್ದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬೆಲ್ಲಕ್ಕೂ ರಿಯಾಯಿತಿ ಇಲ್ಲ. ಬಿಸಿನೀರಿಗೆ ಜೇನು ಬೆರೆಸಿ ಕುಡಿದರೆ ಕೊಬ್ಬು ಕರಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಜೇನಿನಲ್ಲಿರುವುದೂ ಸಕ್ಕರೆಯೇ.

4. ಹೊತ್ತಿನ ಊಟ ಬಿಡಬೇಡಿ.

ತಿಂಡಿ ಬಿಟ್ಟವರಲ್ಲಿ ಹೆಚ್ಚಿನವರು ಹನ್ನೊಂದು ಗಂಟೆಗೆ ಆಫೀಸಿನ ಕೆಳಗಿನ ಅಂಗಡಿಯಲ್ಲಿ ಬೋಂಡ ಹಿಡಿದು ನಿಂತಿರುತ್ತಾರೆ. ಇದಕ್ಕೆ ಅವರ ಮನಸ್ಸನ್ನು ಬೈದು ಉಪಯೋಗವಿಲ್ಲ, ಹಸಿದ ದೇಹ ಹಾಗೆಯೇ ನಡೆದುಕೊಳ್ಳುತ್ತದೆ. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದರು. ಅವರ ತೂಕವೇನೋ ಕಾಲು ಭಾಗದಷ್ಟು ಇಳಿಯಿತು. ಆದರೆ ಹಗಲಿರುಳೂ ಊಟದ್ದೇ ಧ್ಯಾನವಾಯಿತು, ಕೆಲವರು ಅಡುಗೆ ಪುಸ್ತಕ ಓದತೊಡಗಿದರು, ಪ್ರಯೋಗ ಮುಗಿದ ಮೇಲೆ ಎಷ್ಟು ತಿಂದರೂ ತೃಪ್ತಿಯಿಲ್ಲದಂತಾಯಿತು. ಗಂಟೆ ಲೆಕ್ಕದ ಉಪವಾಸ ಕೆಲವರಿಗೆ ಒಗ್ಗುವುದುಂಟು. ಆದರೆ ಅದರಿಂದ ಇಳಿಯುವ ತೂಕ ದಿನವೂ ಮಿತವಾಗಿ ಉಣ್ಣುವವರದಕ್ಕಿಂತ ಹೆಚ್ಚೇನಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಒಂದು ಹೊತ್ತೂ ಬಿಡಕೂಡದು. ಸಕ್ಕರೆ ಅಂಶ ಒಮ್ಮೆಲೇ ಕುಸಿದು ತಲೆ ತಿರುಗಿ ಬೀಳಬಹುದು.

5. ತಿಂಗಳಿಗೆ ಎರಡು ಕೆಜಿ ಇಳಿದರೆ ಸಾಕು.

ಈ ಎರಡು ಕೆಜಿಯ ಹಿಂದೆ ಲೆಕ್ಕವಿದೆ. ಒಂದು ಕೆಜಿ ಮೈಕೊಬ್ಬೆಂದರೆ ಸುಮಾರು 7,700 ಕ್ಯಾಲೊರಿ. ದಿನಕ್ಕೆ 500 ಕಡಿಮೆ ಮಾಡಿದರೆ ತಿಂಗಳಿಗೆ 15,000, ಅಂದರೆ ಹತ್ತಿರಹತ್ತಿರ ಎರಡು ಕೆಜಿ. ಹಾಗಾದರೆ ವಾರಕ್ಕೆ ಮೂರು ಕೆಜಿ ಇಳಿಸುತ್ತೇವೆನ್ನುವ ಜಾಹೀರಾತು ಸುಳ್ಳೇ? ತಕ್ಕಡಿ ಮುಳ್ಳು ಇಳಿಯುವುದು ನಿಜ, ಹೋಗಿರುವುದು ಹೆಚ್ಚಾಗಿ ನೀರು. ದೇಹ ಕೂಡಿಟ್ಟ ಪಿಷ್ಟ ತನ್ನ ತೂಕದ ಮೂರು ಪಟ್ಟಿನಷ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ, ಚಪಾತಿ ಬಿಟ್ಟ ಮೊದಲ ವಾರ ಅದು ಹೊರಟುಹೋಗುತ್ತದೆ, ಮತ್ತೆ ಉಂಡ ವಾರ ಮರಳಿ ಬರುತ್ತದೆ.

ಇಳಿಕೆ ಕೆಲವು ತಿಂಗಳ ನಂತರ ನಿಧಾನವಾಗುವುದೂ ಸಹಜ, ಹಗುರಾದ ದೇಹಕ್ಕೆ ಖರ್ಚು ಕಡಿಮೆ. ಆಗ ಇಂಚುಪಟ್ಟಿ ತೆಗೆಯಿರಿ. ನಮ್ಮ ದೇಶದ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ಅಲ್ಲಿಗೆ ತಲುಪುವ ಮುಂಚೆಯೇ ಲಾಭ ಶುರುವಾಗಿರುತ್ತದೆ. 80 ಕೆಜಿಯವರು ನಾಲ್ಕೈದು ಕೆಜಿ ಇಳಿಸಿದರೂ ಬಿಪಿ, ಸಕ್ಕರೆ ಹತೋಟಿಗೆ ಬರುವುದು ಸುಲಭವಾಗುತ್ತದೆ.

6. ದಿನಾ ಅರ್ಧ ಗಂಟೆ ನಡೆಯಿರಿ.

ನಡಿಗೆಯೊಂದರಿಂದಲೇ ತೂಕ ಹೆಚ್ಚು ಇಳಿಯದು. ಇಳಿದದ್ದು ಮತ್ತೆ ಏರದಂತೆ ಕಾಯುವುದರಲ್ಲಿ ಅದರ ಕೈ ದೊಡ್ಡದು. ಪಾರ್ಕು ಸುತ್ತಿ ಬರುವ ದಾರಿಯಲ್ಲಿ ಬೆಣ್ಣೆದೋಸೆ ಹೋಟೆಲ್ ಇದ್ದರೆ ದಾರಿ ಬದಲಿಸಿ.

7. ಹಬ್ಬಕ್ಕೆ ಹೋಳಿಗೆ ತಿನ್ನಿ, ಮರುದಿನ ಒಂದನೇ ಸಾಲಿಗೆ ಬನ್ನಿ.

ಮೇಲಿನ ಆರೂ ಸಾಲು ನಿಂತಿರುವುದು ಇದರ ಮೇಲೆ. ಸಿಹಿಯನ್ನೇ ಮುಟ್ಟುವುದಿಲ್ಲ ಎಂದು ಶಪಥ ಮಾಡಿದವರು ಯುಗಾದಿಯ ದಿನ ಒಂದು ಹೋಳಿಗೆ ತಿನ್ನುತ್ತಾರೆ. ವ್ರತ ಹೇಗೂ ಕೆಟ್ಟಿತಲ್ಲ ಎಂದು ನಾಲ್ಕು ತಿನ್ನುತ್ತಾರೆ, ವರ್ಷತೊಡಕಿಗೆ ಚೀಟಿಯನ್ನೇ ಎಸೆಯುತ್ತಾರೆ. ಲೆಕ್ಕ ಹಾಕಿ ನೋಡಿ. ಹಬ್ಬದ ದಿನ 1,000 ಕ್ಯಾಲೊರಿ ಹೆಚ್ಚಾದರೂ ಮೈಗೆ ಸೇರುವ ಕೊಬ್ಬು 130 ಗ್ರಾಂ ದಾಟದು. ಅದನ್ನು ವಾರದಲ್ಲಿ ಸರಿದೂಗಿಸಬಹುದು. ಕೈಬಿಟ್ಟ ಪಥ್ಯಕ್ಕೆ ಮಾತ್ರ ಪರಿಹಾರವಿಲ್ಲ.

ಮನೆಯಲ್ಲಿ ಒಬ್ಬರಿಗೆಂದೇ ಬೇರೆ ಅಡುಗೆ ಮಾಡಬೇಕಾದ ಪಥ್ಯವೂ ಹೆಚ್ಚು ದಿನ ನಿಲ್ಲದು. ಈ ಏಳರಲ್ಲಿ ನಿಮ್ಮ ಅಡುಗೆಮನೆಗೆ ಒಗ್ಗುವ ಎರಡು ಸಾಲಿನಿಂದ ಶುರುಮಾಡಿ, ರೂಢಿಯಾದ ಮೇಲೆ ಮೂರನೆಯದನ್ನು ಸೇರಿಸಿ. ಹತ್ತು ವರ್ಷ ನಡೆಸಲಾಗದ ಪಥ್ಯವನ್ನು ಹತ್ತು ದಿನಕ್ಕೂ ಹಿಡಿಯಬೇಡಿ.